ಅಂಗನವಾಡಿ, ಆಶಾ, ಕೂಸಿನ ಮನೆ ಸಿಬ್ಬಂದಿಗೆ ತಾಯಿ-ಮಗುವಿನ ಒಡನಾಟದ ತರಬೇತಿ: ಏನು ಕಲಿಸಬೇಕು, ಹೇಗೆ ಕಲಿಸಬೇಕು?

ಸಿಂಧನೂರು ತರಬೇತಿ

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಯಲ್ಲಿ ತರಬೇತಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಕ್ಷೇತ್ರ ಕಾರ್ಯಕರ್ತೆಯರು, ಒಂದಿಷ್ಟು ಅಂಗನವಾಡಿ ಟೀಚರ್‌ಗಳು, ಆಶಾಗಳು, ಕೂಸಿನ ಮನೆಯಲ್ಲಿ (ಪಂಚಾಯ್ತಿಯ ಶಿಶುಪಾಲನಾ ಕೇಂದ್ರ) ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು, ಇವರನ್ನೆಲ್ಲ ಸೇರಿಸಿ ಹುಟ್ಟಿನಿಂದ ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ತರಬೇತಿ ಮಾಡಬೇಕಿದೆ. ಆಹಾರ, ಲಸಿಕೆ, ತೂಕ, ಎತ್ತರ ಇವುಗಳ ಬಗ್ಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ. ನನಗೆ ಬೇಕಿರುವುದು ತಾಯಿ-ಕೂಸಿನ ನಡುವೆ, ಅಪ್ಪ-ಕೂಸಿನ ನಡುವೆ ದಿನಾ ನಡೆಯುವ ಒಡನಾಟದ ವಿಷಯ. ಆ ಮನೆಗೆ ಹೋಗುವ ಹೊರಗಿನವಳು ಅದಕ್ಕೆ ಹೇಗೆ ಆಸರೆಯಾಗಬೇಕು ಅನ್ನೋದು.

ಯಾಕೆ ಕೇಳುತ್ತಿದ್ದೇನೆ ಅಂದರೆ, ಹೋದ ತಿಂಗಳು ಒಂದು ಮನೆ ಭೇಟಿಗೆ ಜೊತೆಯಲ್ಲಿ ಹೋಗಿದ್ದೆ. ನಾಲ್ಕು ತಿಂಗಳ ಕೂಸು ಅವ್ವನ ತೊಡೆಯ ಮೇಲಿತ್ತು. ಬಂದ ಕಾರ್ಯಕರ್ತೆ ನಿಷ್ಠೆಯಿಂದ ಕೆಲಸ ಮಾಡುವವರು, ಊರಲ್ಲಿ ಒಳ್ಳೆ ಹೆಸರಿದೆ. ತಾಯಿ ಕಾರ್ಡ್ ತೆಗೆಸಿ ನೋಡಿದರು, ಲಸಿಕೆ ಕೇಳಿದರು, ಎದೆಹಾಲು ಬಿಟ್ಟು ಬೇರೆ ಏನಾದರೂ ಕೊಡ್ತೀಯಾ ಅಂತ ಕೇಳಿದರು, ಫೋನಿನಲ್ಲಿ ತುಂಬತೊಡಗಿದರು. ಅಷ್ಟರಲ್ಲಿ ಕೂಸು ಅವ್ವನ ಮುಖ ನೋಡಿ ಸಣ್ಣಗೆ ಸದ್ದು ಮಾಡಿತು. ಅವಳು ಬಗ್ಗಿ, "ಏನವ್ವಾ, ಏನಂತಿ?" ಅಂದಳು. ಕೂಸು ಕಾಲು ಬಡಿದು ಮತ್ತೆ ಸದ್ದು ಮಾಡಿತು. ಅವಳು ಮತ್ತೆ, "ಹೌದಾ? ಅಪ್ಪ ಬೈದ್ನಾ?" ಅಂದಳು. ಹೀಗೆ ಎರಡು ಮೂರು ಸುತ್ತು. ಕಾರ್ಯಕರ್ತೆಯ ಕಣ್ಣು ಫೋನಿನಲ್ಲೇ ಇತ್ತು. ಏಳುವಾಗ, "ಮಗುವಿನ ಜೊತೆ ಮಾತಾಡ್ತಾ ಇರಬೇಕು ನೋಡವ್ವ, ಬುದ್ಧಿ ಬೆಳೆಯುತ್ತೆ" ಅಂತ ಹೇಳಿದರು. ಆ ಹುಡುಗಿ ತಲೆ ತಗ್ಗಿಸಿ "ಆತ್ರಿ" ಅಂದಳು.

ತಾನು ಮಾಡುತ್ತಲೇ ಇದ್ದದ್ದನ್ನು, ಮಾಡುತ್ತಿಲ್ಲವೇನೋ ಅನ್ನುವಂತೆ ಅವಳಿಗೆ ಹೇಳಿದಂತಾಯಿತು. ಆ ಕಾರ್ಯಕರ್ತೆಯದು ತಪ್ಪು ಅಂತ ನಾನು ಖಂಡಿತ ಹೇಳಲ್ಲ. ಇಷ್ಟು ವರ್ಷ ನಾವು ಅವರಿಗೆ ಹೇಳೋದನ್ನು ಕಲಿಸಿದ್ದೇವೆ, ನೋಡೋದನ್ನು ಕಲಿಸಿಲ್ಲ. ಈ ಸಲ ನೋಡೋದರಿಂದ ಶುರು ಮಾಡಬೇಕು ಅಂತಿದ್ದೇನೆ. ಕ್ಷೇತ್ರದಲ್ಲಿ ಕೆಲಸ ಮಾಡಿರುವವರು, ಮಕ್ಕಳನ್ನು ಬೆಳೆಸಿದವರು ಯಾರಾದರೂ ಸರಿ, ದಯವಿಟ್ಟು ಬಿಚ್ಚಿ ಹೇಳಿ.

ಹಾವೇರಿ ಟೀಚರ್

ಅಕ್ಕಾರ, ನಾನು ಅಂಗನವಾಡಿ ಟೀಚರ್. ನೀವು ಬರದಿದ್ದು ಓದಿ ನನ್ನ ಬಗ್ಗೇನ ಬರದಾರೇನೋ ಅನ್ನಿಸ್ತು. ಬ್ಯಾಸರ ಆಗಿಲ್ಲ, ಖರೇನ ಐತಿ.

ಆದ್ರ ನಮ್ಮ ದಿನ ಹೆಂಗ ಹೋಗತೈತಿ ಅಂತ ಮೊದಲು ತಿಳಕೊಳ್ರಿ. ಮುಂಜಾನೆ ಮಕ್ಕಳು, ಪಾಠ, ಆಟ. ಮಧ್ಯಾಹ್ನ ಗರ್ಭಿಣಿ, ಬಾಣಂತಿಯರಿಗೆ ಮಾತೃಪೂರ್ಣದ ಊಟ. ಅದು ಮುಗಿಯೂದ್ರಾಗ ಪೋಷಣ್ ಟ್ರ್ಯಾಕರ್, ಅಂದ್ರ ಎಲ್ಲಾ ಲೆಕ್ಕ ತುಂಬೂ ಸರ್ಕಾರಿ ಆ್ಯಪ್. ನೆಟ್‌ವರ್ಕ್ ಇಲ್ಲಂದ್ರ ಗುಡಿ ಕಟ್ಟಿ ಮ್ಯಾಲ ನಿಂತು ತುಂಬಬೇಕು. ಈಗ ರೇಷನ್ ಕೊಡಾಕೂ ಫಲಾನುಭವಿ ಮುಖದ ಫೋಟೋ ಹೊಂದಬೇಕು. ಅದಾದ ಮ್ಯಾಲೆ ಮನೆ ಭೇಟಿ. ಆ ಹೊತ್ತಿಗೆ ತಾಯಿ ಮನ್ಯಾಗ ಇರೂದಿಲ್ಲ. ಹತ್ತಿ ಬಿಡಸಾಕ, ಸುಗ್ಗಿ ಬಂದ್ರ ಮೆಣಸಿನಕಾಯಿ ಹರಿಯಾಕ ಹೋಗಿರ್ತಾಳ. ಮನ್ಯಾಗ ಇರೂದು ಅತ್ತಿ, ಇಲ್ಲಾ ಆರನೇತ್ತ ಕಲಿಯೂ ಅಕ್ಕ. ಕೂಸು ಅಕ್ಕನ ಬಗಲಾಗ. ನಿಮ್ಮ ತರಬೇತಿ "ತಾಯಿ ಹೀಗೆ ಮಾಡಬೇಕು" ಅಂತ ಬರೇ ತಾಯಿ ಬಗ್ಗೆ ಇತ್ತಂದ್ರ, ನಮ್ಮ ಊರಿನ ಅರ್ಧ ಮನಿಗೆ ಅದು ಉಪಯೋಗ ಆಗೂದಿಲ್ಲ. ಅಜ್ಜಿ ಜೊತಿ ಹೆಂಗ ಮಾತಾಡಬೇಕು, ಆ ಅಕ್ಕನ ಜೊತಿ ಹೆಂಗ ಮಾತಾಡಬೇಕು ಅನ್ನೂದನ್ನೂ ಹಾಕ್ರಿ.

ಇನ್ನೊಂದು. ನಮಗ ಪೋಷಣ್ ಭೀ ಪಢಾಯಿ ಭೀ (ಪೋಷಣೆ ಜೊತಿ ಕಲಿಕೆ) ತರಬೇತಿ ಮೂರು ದಿನ ಆತು. ನವಚೇತನಾ ಪುಸ್ತಕ ಒಳ್ಳೇದೈತಿ, ಇಲ್ಲ ಅನ್ನೂದಿಲ್ಲ. 36 ತಿಂಗಳಿಗೆ 140 ಚಟುವಟಿಕೆ ಹೊಂದಿಸಿ ಕೊಟ್ಟಾರ, ಯಾವ ತಿಂಗಳಿಗೆ ಯಾವುದು ಅಂತ ಕ್ಯಾಲೆಂಡರ್ ಐತಿ. ಆದ್ರ ಹಾಲ್‌ನ್ಯಾಗ ನೂರು ಮಂದಿ ಕುಂತು ಪರದೆ ಮ್ಯಾಲ ನೋಡಿದ್ರ ಏನು ಉಳಿತೈತಿ? ಒಂದು ಕೂಸನ್ನೂ ಆ ಹಾಲಿಗೆ ಯಾರೂ ಕರಕೊಂಡು ಬಂದಿರಲಿಲ್ಲ. ಕೂಸಿನ ಬಗ್ಗೆ ತರಬೇತಿ, ಕೂಸೇ ಇಲ್ಲ.

ಮಕ್ಕಳ ಮನಸು

ಹಾವೇರಿ ಟೀಚರ್ ಹೇಳಿದ ಕೊನೆಯ ಮಾತನ್ನು ದಯವಿಟ್ಟು ತರಬೇತಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಾನು ಬೆಂಗಳೂರಿನಲ್ಲಿ ಮಕ್ಕಳ ಆಪ್ತ ಸಮಾಲೋಚಕಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ರೂಪಿಸಿರುವ ಮಗುವಿನ ಬೆಳವಣಿಗೆಯ ಆರೈಕೆ ತರಬೇತಿಯಲ್ಲಿ, ಕಲಿಯುವವರು ನಿಜವಾದ ತಾಯಿ-ಮಕ್ಕಳ ಜೊತೆ ಕೂತು ಅಭ್ಯಾಸ ಮಾಡುವುದು ಕಡ್ಡಾಯದ ಭಾಗ. ಗೊಂಬೆ ಇಟ್ಟುಕೊಂಡು ನಾಟಕ ಆಡಿದರೆ ಅರ್ಧ ಮಾತ್ರ ಬರುತ್ತದೆ, ಯಾಕೆಂದರೆ ಗೊಂಬೆ ಮುಖ ತಿರುಗಿಸುವುದಿಲ್ಲ, ಅಳುವುದಿಲ್ಲ, ಆಕಳಿಸುವುದಿಲ್ಲ.

ನೋಡುವುದರಿಂದ ಶುರು ಮಾಡಬೇಕು ಅಂದಿದ್ದೀರಿ. ಹಾಗಾದರೆ ಏನನ್ನು ನೋಡಬೇಕು? ಹಸುಗೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ. ಹಾಲು ಕುಡಿಯುವಾಗ ಅವ್ವನ ಮುಖ ಇರುವುದು ಸರಿಯಾಗಿ ಅಷ್ಟೇ ದೂರದಲ್ಲಿ. ಆರನೇ ವಾರದ ಆಸುಪಾಸಿನಲ್ಲಿ ಮುಖ ನೋಡಿ ನಗಲು ಶುರು. ಎಂಟು ಒಂಬತ್ತು ತಿಂಗಳಿಗೆ ಹೊಸಬರನ್ನು ಕಂಡರೆ ಅಳು. ಇದನ್ನು ಕಾರ್ಯಕರ್ತೆಯರು ಹಠ ಅಂತ ಬರೆದುಕೊಳ್ಳುವುದನ್ನು ಕಂಡಿದ್ದೇನೆ. ಅದು ಹಠವಲ್ಲ, ತನ್ನವರು ಯಾರು ಅಂತ ಕೂಸಿಗೆ ಗೊತ್ತಾಗಿದೆ, ಅಷ್ಟೇ. ವರ್ಷದ ಹೊತ್ತಿಗೆ ಬೆರಳು ಮಾಡಿ ತೋರಿಸುವುದು. ಕೂಸು ಕಾಗೆ ತೋರಿಸಿ ಅವ್ವನ ಮುಖ ನೋಡುತ್ತದೆ, "ನೀನೂ ನೋಡಿದೆಯಾ" ಅಂತ. ಅವ್ವ "ಹೂಂ, ಕಾಗೆ" ಅಂದರೆ ಸಾಕು. ದುಡ್ಡು ಕೊಟ್ಟು ತಂದ ಆಟಿಕೆ ಬೇಕಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದಿದೆ. ತಾಯಿ ಕೂಸಿನ ಜೊತೆ ಆಡುತ್ತಾ ಆಡುತ್ತಾ, ಹೇಳಿದ ಹೊತ್ತಿಗೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನಾಗಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸಿ ಸೋತುಬಿಡುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ಸುಧಾರಿಸಿಕೊಳ್ಳುತ್ತದೆ. ಇದನ್ನು ತರಬೇತಿಯಲ್ಲಿ ಹೇಳುವಾಗ ತಾಯಂದಿರನ್ನು ಹೆದರಿಸಬೇಡಿ. ಅದೇ ಟ್ರಾನಿಕ್ ಆಮೇಲೆ ತೋರಿಸಿದ್ದು, ಆರೋಗ್ಯವಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ತಪ್ಪುವುದು ಸರ್ವೇಸಾಮಾನ್ಯ ಅಂತ. ತಪ್ಪಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಾರಲ್ಲ, ಕೂಸು ಅದರಿಂದ ಕಲಿಯುತ್ತದೆ. ದಣಿದು ಬಂದ ಅವ್ವ ಒಂದು ಗಳಿಗೆ ಗದರಿದರೆ ಮಗುವಿನ ಭವಿಷ್ಯ ಮುಗಿಯಲಿಲ್ಲ. ಈ ಮಾತು ಕಾರ್ಯಕರ್ತೆಯರಿಗೂ ಸಮಾಧಾನ ಕೊಡುತ್ತದೆ, ಅವರಲ್ಲೂ ಬಹಳ ಜನ ತಾಯಂದಿರೇ ಅಲ್ಲವೇ.

ಕೊಳ್ಳೇಗಾಲ ಆಶಾ

ನಾನು ಆಶಾ ಕಾರ್ಯಕರ್ತೆ ಕಣಕ್ಕ. ನಮಗೆ ಎಚ್‌ಬಿಎನ್‌ಸಿ ಅಂತ ಇದೆ, ಹಸುಗೂಸನ್ನ ಮನೇಲೇ ನೋಡಿ ಬರೋ ಭೇಟಿ. ಆಸ್ಪತ್ರೆಲಿ ಹೆರಿಗೆ ಆಗಿದ್ರೆ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ ಮನೆಗೆ ಹೋಗಬೇಕು. ಆಮೇಲೆ ಸ್ವಲ್ಪ ದೊಡ್ಡ ಕೂಸಿಗೆ ಎಚ್‌ಬಿವೈಸಿ, 3, 6, 9, 12, 15ನೇ ತಿಂಗಳಿಗೆ ಐದು ಸಲ. ಅಂದ್ರೆ ಒಂದು ಕೂಸಿನ ಮೊದಲ ಒಂದೂಕಾಲು ವರ್ಷದಲ್ಲಿ ನಾವು ಹನ್ನೊಂದು ಸಲ ಅದರ ಮನೆ ಬಾಗಿಲಿಗೆ ಹೋಗ್ತೀವಿ. ಇಷ್ಟು ಸಲ ಇನ್ಯಾರು ಹೋಗ್ತಾರೆ ಹೇಳಿ? ಹೊಸದಾಗಿ ಭೇಟಿ ಸೇರಿಸೋದು ಬೇಡ, ಇರೋ ಭೇಟಿಲೇ ಐದು ನಿಮಿಷ ಬೇರೆ ಥರ ಕೂರೋದು ಹೇಗೆ ಅಂತ ಕಲಿಸಿ.

ಈ ವರ್ಷದ್ದೇ ಒಂದು ಹೇಳ್ತೀನಿ, ಊರು ಹೆಸರು ಬೇಡ. ಎರಡನೇದೂ ಹೆಣ್ಣು. 14ನೇ ದಿನ ಹೋದೆ. ಕೂಸಿನ ತೂಕ ಸರಿಯಾಗಿದೆ, ಹೊಕ್ಕಳು ಒಣಗಿದೆ, ಜ್ವರ ಇಲ್ಲ. ಫಾರಂ ಪ್ರಕಾರ ಎಲ್ಲಾ ಸರಿ. ಆದರೆ ಆ ಹುಡುಗಿ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗೇ ಹಾಲು ಕೊಡ್ತಿದ್ದಳು, ಕೂಸು ಕಡೆ ನೋಡ್ತಾನೇ ಇರ್ಲಿಲ್ಲ. ಅತ್ತೆ "ಬಾಣಂತಿ ಸುಸ್ತು" ಅಂದ್ರು. ನಾನು ಅತ್ತೆನ ಕಾಫಿ ಮಾಡಿ ಅಂತ ಒಳಗೆ ಕಳಿಸಿ, ಫಾರಂ ಬ್ಯಾಗಿಗೆ ಹಾಕಿ, ಪಕ್ಕದಲ್ಲಿ ಕೂತೆ. ಏನೂ ಕೇಳಲಿಲ್ಲ. "ನಿನಗೆ ಹೇಗಿದೆಯವ್ವಾ?" ಅಂದೆ ಅಷ್ಟೇ. ಅಳೋಕೆ ಶುರು ಮಾಡಿದಳು. "ಎಲ್ಲರೂ ಬಂದು ಮಗೀಗೆ ಹೆಂಗದೆ ಅಂತಾರೆ, ನಂಗೆ ಯಾರೂ ಕೇಳಲ್ಲ" ಅಂದಳು.

ಪಿಎಚ್‌ಸಿ ಡಾಕ್ಟರಿಗೆ ಹೇಳಿ, ಮಂಗಳವಾರ ತಾಲ್ಲೂಕು ಆಸ್ಪತ್ರೆಲಿ ಮನೋಚೈತನ್ಯದ ದಿನ, ಅಂದ್ರೆ ಮನಸ್ಸಿನ ಡಾಕ್ಟರು ನೋಡೋ ದಿನ, ಕರ್ಕೊಂಡು ಹೋದ್ವಿ. ಈಗ ಪರವಾಗಿಲ್ಲ, ಕೂಸನ್ನ ಎತ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ಕೂಸಿನ ಬಗ್ಗೆ ತರಬೇತಿ ಅಂತ ಕೂಸನ್ನ ಮಾತ್ರ ನೋಡೋಕೆ ಕಲಿಸಬೇಡಿ ಅಕ್ಕ.

ಮಕ್ಕಳ ಮನಸು

ಕೊಳ್ಳೇಗಾಲ ಅಕ್ಕ, ನೀವು ಮಾಡಿದ್ದು ಬಹಳ ದೊಡ್ಡ ಕೆಲಸ. ಹೆರಿಗೆ ನಂತರದ ಖಿನ್ನತೆ ಗುರುತಿಸಲು ಎಡಿನ್‌ಬರೋ ಮಾಪಕ ಅಂತ 1987ರಲ್ಲಿ ಬಂದ 10 ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಆದರೆ ನೀವು ಕೇಳಿದ ಒಂದು ಪ್ರಶ್ನೆ ಇಲ್ಲದೆ ಆ ಹತ್ತೂ ಕೆಲಸಕ್ಕೆ ಬರುವುದಿಲ್ಲ. ಬೇರೆಯವರಿಗೂ ತಿಳಿದಿರಲಿ: ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ತೀರಾ ಗಂಭೀರವಾಗಿದ್ದರೆ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ 2009ರಿಂದ ಇದೆ. ಕೂಸನ್ನು ಬೇರೆ ಮಾಡುತ್ತಾರೆ ಅನ್ನುವ ಹೆದರಿಕೆಗೇ ಎಷ್ಟೋ ಮನೆಯವರು ಆಸ್ಪತ್ರೆ ಕಡೆ ಬರುವುದಿಲ್ಲ, ಹಾಗಾಗಿ ಇದನ್ನು ಕಾರ್ಯಕರ್ತೆಯರಿಗೆ ಹೇಳಿಕೊಡಲೇಬೇಕು.

ತೀರ್ಥಹಳ್ಳಿ ಅಜ್ಜಿ

ಮೊಮ್ಮಗಳು ಓದಿ ಹೇಳಿದಳು, ಅವಳ ಕೈಯಲ್ಲೇ ಬರೆಸ್ತಾ ಇದೀನಿ. ನಮ್ಮ ಕಾಲದಲ್ಲಿ ತರಬೇತಿ ಇರಲಿಲ್ಲ, ಬಾಣಂತನ ಇತ್ತು. ಕಾಲು ನೀಡಿಕೊಂಡು ಕೂತು, ಕೂಸನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚೋವಾಗ ನಮ್ಮ ಮುಖ ಅದಕ್ಕೆ, ಅದರ ಮುಖ ನಮಗೆ. ಮಾತಾಡದೆ ಎಣ್ಣೆ ಹಚ್ಚಿದವರನ್ನ ನಾನು ಕಂಡಿಲ್ಲ. ನೀರು ಹಾಕಿ, ಸಾಂಬ್ರಾಣಿ ಹೊಗೆ ತೋರಿಸಿ, ಹಾಲು ಕುಡಿಸಿ, ತೊಟ್ಟಿಲಿಗೆ ಹಾಕಿ ಜೋಗುಳ ಹೇಳೋ ಹೊತ್ತಿಗೆ ಎರಡು ತಾಸು. ಅಷ್ಟೂ ಹೊತ್ತು ಕೂಸಿನ ಜೊತೆ ಒಬ್ಬರು ಇದ್ದೇ ಇರ್ತಿದ್ದರು. ನಿಮ್ಮ ಹುಡುಗಿಯರು ಮನೆಗೆ ಬಂದಾಗ ಮೊದಲು ನಮ್ಮನ್ನ ಕೇಳಲಿ, "ಅಜ್ಜಿ, ನಿಮ್ಮಲ್ಲಿ ಹೇಗೆ ಮಾಡ್ತೀರಿ?" ಅಂತ. ಕೇಳಿದರೆ ನಾವೂ ಕೇಳ್ತೀವಿ. ಬಂದವರೇ "ಅದು ಮಾಡಬಾರದು, ಇದು ಮಾಡಬಾರದು" ಅಂದರೆ, ಅವರು ಹೋದ ಮೇಲೆ ಮೊದಲಿದ್ದ ಹಾಗೇ ಮಾಡೋದು.

ಕೊಪ್ಪಳ ನರ್ಸ್

ಅಜ್ಜಿ ಹೇಳಿದ್ದು ಸತ್ಯ, ಒಂದು ಮಾತು ಮಾತ್ರ ಸೇರಿಸುತ್ತೇನೆ. ಮೈಗೆ ಎಣ್ಣೆ ಸರಿ, ಮೂಗು-ಕಿವಿಗೆ ಎಣ್ಣೆ ಬಿಡುವುದು ಬೇಡ, ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೂಸು ಇರುವ ಕೋಣೆಯಲ್ಲಿ ಹೊಗೆಯೂ ಬೇಡ. ಗಿಣ್ಣು ಹಾಲು ಹಿಂಡಿ ಚೆಲ್ಲುವುದಂತೂ ಬೇಡವೇ ಬೇಡ. ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದ್ದು ಬಹಳ ಇದೆ, ಅದನ್ನು ಮೊದಲು ಮೆಚ್ಚಿ ಹೇಳಿ ಆಮೇಲೆ ಈ ಮೂರನ್ನು ಹೇಳಿದರೆ ಅಜ್ಜಿಯರು ಬೇಗ ಒಪ್ಪುತ್ತಾರೆ.

ನಮ್ಮ ಜಿಲ್ಲೆಯ ಅನುಭವ ನಿಮಗೆ ಉಪಯೋಗಕ್ಕೆ ಬರಬಹುದು. ಕಡಿಮೆ ತೂಕದ ಕೂಸುಗಳಿಗೆ ಕಾಂಗರೂ ಆರೈಕೆಯನ್ನು ಜಿಲ್ಲೆಯಾದ್ಯಂತ ತರುವ ಬಗ್ಗೆ ಕೊಪ್ಪಳದಲ್ಲಿ ಸಂಶೋಧನೆ ನಡೆದಿದೆ. ಎದೆಗೆ ಅವಚಿಕೊಂಡು ದಿನಕ್ಕೆ 8 ಗಂಟೆ ಅಂದರೆ ತಾಯಿ ಒಬ್ಬಳ ಕೈಯಲ್ಲಿ ಆಗುವ ಮಾತಲ್ಲ. ಅಜ್ಜಿ ಒಂದು ಸರದಿ, ಅಪ್ಪ ಒಂದು ಸರದಿ. ಅಂಗಿ ಬಿಚ್ಚಿ ಕೂಸನ್ನು ಎದೆ ಮೇಲೆ ಹಾಕಿಕೊಳ್ಳಲು ನಾಚುವ ಗಂಡಸರು, ಕೂಸು ಅಲ್ಲೇ ನಿದ್ದೆ ಹೋದ ಮೇಲೆ ಏಳಲು ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಕಲಿಸಿದ್ದನ್ನು ಮನೆಯಲ್ಲಿ ಆಶಾ ಮುಂದುವರಿಸಬೇಕು, ಇಲ್ಲದಿದ್ದರೆ ಮನೆಗೆ ಹೋದ ಮೂರೇ ದಿನಕ್ಕೆ ಕೂಸು ಬಟ್ಟೆಯಲ್ಲಿ ಸುತ್ತಿ ಮೂಲೆಗೆ. ಆದ್ದರಿಂದ ತರಬೇತಿಗೆ ಹೆರಿಗೆ ವಾರ್ಡಿನ ನರ್ಸ್‌ಗಳನ್ನೂ ಕರೆಯಿರಿ. ಆಶಾ ಮತ್ತು ನರ್ಸ್ ಒಂದೇ ಮಾತು ಹೇಳಿದರೆ ಮನೆಯವರಿಗೆ ಗೊಂದಲ ಇರಲ್ಲ.

ಮೊಟ್ಟೆ ಮೊದಲು

ಎಲ್ಲರೂ ಒಳ್ಳೆ ಮಾತೇ ಆಡುತ್ತಿದ್ದೀರಿ, ನಾನು ಸ್ವಲ್ಪ ಕಠಿಣವಾಗಿ ಹೇಳುತ್ತೇನೆ. ನಾನು ಅಂಗನವಾಡಿ ನೌಕರರ ಸಂಘದಲ್ಲಿ ಇರುವವನು. ಗೌರವಧನದಲ್ಲಿ ದುಡಿಯುವ ಹೆಣ್ಣುಮಗಳಿಗೆ ಆಹಾರ, ಗಣತಿ, ಚುನಾವಣೆ ಕೆಲಸ, ಆ್ಯಪ್ ಎಲ್ಲಾ ಹೊರಿಸಿ, ಈಗ ತಾಯಿ-ಮಗುವಿನ ಮನಸ್ಸಿನ ಜವಾಬ್ದಾರಿಯನ್ನೂ ಹೊರಿಸುವುದು ಯಾವ ನ್ಯಾಯ? ಆ ಮನೆಯಲ್ಲಿ ಮೊಟ್ಟೆ ಇಲ್ಲ, ಕೂಲಿ ಇಲ್ಲ, ತಾಯಿಗೆ ರಕ್ತಹೀನತೆ. ಅಲ್ಲಿ ಹೋಗಿ "ಕೂಸಿನ ಕಣ್ಣು ನೋಡಿ ಮಾತಾಡಿ" ಅನ್ನಲು ನಾಲಿಗೆ ಹೇಗೆ ಬರುತ್ತದೆ?

ಸಿಂಧನೂರು ತರಬೇತಿ

ಅಣ್ಣಾ, ಕೂಲಿ, ಗೌರವಧನದ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ತಕರಾರು ಇಲ್ಲ. ಆದರೆ ಮೊಟ್ಟೆ ಮೊದಲು, ಮಾತು ಆಮೇಲೆ ಅನ್ನುವುದನ್ನು ಒಪ್ಪಲಾರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಸೇರಿ ಹೊರತಂದ ಪೋಷಣಾ ಆರೈಕೆಯ ಚೌಕಟ್ಟಿನಲ್ಲಿ ಆರೋಗ್ಯ, ಪೌಷ್ಟಿಕಾಂಶ, ಸುರಕ್ಷತೆ, ಕಲಿಕೆಯ ಅವಕಾಶ, ಸ್ಪಂದಿಸುವ ಆರೈಕೆ ಐದನ್ನೂ ಒಟ್ಟಿಗೇ ಇಟ್ಟಿದ್ದಾರೆ. ಬಡವರ ಮನೆಯ ಅವ್ವನಿಗೆ ಕೂಸಿನ ಜೊತೆ ಆಡುವ ಆಸೆ ಇರುವುದಿಲ್ಲ ಅಂತ ಅಂದುಕೊಳ್ಳುವುದೂ ಒಂದು ಅನ್ಯಾಯವೇ. ನಾನು ನೋಡಿದ ಆ ಹುಡುಗಿ ಕೂಲಿ ಮಾಡುವವಳೇ. ಅವಳಿಗೆ ಬೇಕಿದ್ದದ್ದು ಉಪದೇಶವಲ್ಲ, "ನೀನು ಮಾತಾಡಿಸಿದ ಕೂಡಲೇ ಹೇಗೆ ಕಾಲು ಬಡೀತು ನೋಡು, ಅದಕ್ಕೆ ನಿನ್ನ ದನಿ ಗೊತ್ತು" ಅನ್ನುವ ಒಂದು ಮಾತು. ಅದಕ್ಕೆ ಹೆಚ್ಚಿನ ಹೊತ್ತೂ ಬೇಡ.

ಕಾರ್ಯಕರ್ತೆಯ ಮೇಲೆ ಹೊರೆ ಹೆಚ್ಚಾಗುತ್ತದೆ ಅನ್ನುವ ಮಾತು ಮಾತ್ರ ನನ್ನನ್ನು ಕಾಡುತ್ತಿದೆ.

ನಿವೃತ್ತ ಸಿಡಿಪಿಓ

ಶಿಶು ಅಭಿವೃದ್ಧಿ ಯೋಜನಾಧಿಕಾರಿಯಾಗಿ (ಸಿಡಿಪಿಓ) ಇದ್ದು ನಿವೃತ್ತನಾದವನು, ಈ ಹೊರೆಯ ಮಾತಿಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದಲ್ಲಿ 33 ಯೋಜನೆಗಳು, ನಮ್ಮ ರಾಜ್ಯದಲ್ಲಿ ಟಿ. ನರಸೀಪುರ. ಮೂರು ವರ್ಷದೊಳಗಿನ ಮಗು ಕೇಂದ್ರಕ್ಕೆ ಬರುವುದಿಲ್ಲ, ಅದರ ಪಾಲಿನ ಆಹಾರ ಮನೆಗೆ ಹೋಗುತ್ತದೆ. ಕಣ್ಣೆದುರು ಇಲ್ಲದ ಮಗು ಕೆಲಸದ ಪಟ್ಟಿಯಲ್ಲೂ ಕೆಳಗೆ ಹೋಯಿತು. ನನ್ನ ಸೇವೆಯ ಉದ್ದಕ್ಕೂ ನೋಡಿದ್ದು ಇದನ್ನೇ.

ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರೆ ಫಲ ಸಿಗುತ್ತದೆಯೇ ಅನ್ನುವವರಿಗೆ ಜಮೈಕಾದ ಉದಾಹರಣೆ ಹೇಳಬೇಕು. ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿಕೊಂಡಿತು. ಅವರಲ್ಲಿ ಒಂದು ಭಾಗದ ಮಕ್ಕಳ ಮನೆಗೆ ಸಮುದಾಯ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಖಾಲಿ ಡಬ್ಬಿ, ಬಾಟಲಿಗಳಿಂದ ಮಾಡಿದ ಆಟಿಕೆ ಇಟ್ಟುಕೊಂಡು ತಾಯಿ-ಮಗು ಇಬ್ಬರನ್ನೂ ಆಡಿಸಿದರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ ಭೇಟಿ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು ಎಂದು 2014ರಲ್ಲಿ ಪ್ರಕಟವಾಯಿತು. ಆ ಸಹಾಯಕಿಯರು ದೊಡ್ಡ ಓದು ಓದಿದವರಲ್ಲ, ನಮ್ಮ ಕಾರ್ಯಕರ್ತೆಯರಂತಹವರೇ.

ಅದೇ ಪದ್ಧತಿಯನ್ನು ನಮ್ಮ ಒಡಿಶಾದಲ್ಲೂ ಮಾಡಿ ನೋಡಿದ್ದಾರೆ, ಮೊದಲು ಕಟಕ್‌ನ ಕೊಳೆಗೇರಿಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ. ಹಳ್ಳಿಗಳಲ್ಲಿ ಮನೆಮನೆ ಭೇಟಿಯ ಜೊತೆ ತಾಯಂದಿರ ಗುಂಪನ್ನೂ ಹೋಲಿಸಿದಾಗ, ಗುಂಪಿನಲ್ಲಿ ಮಾಡಿದ್ದೂ ಮಕ್ಕಳ ಬೆಳವಣಿಗೆಗೆ ಅಷ್ಟೇ ಚೆನ್ನಾಗಿ ಒದಗಿತು, ಖರ್ಚೂ ಕಡಿಮೆಯಾಯಿತು. ಹೊರೆಯ ಪ್ರಶ್ನೆಗೆ ಉತ್ತರ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಗುಂಪು ಹೊಸದಾಗಿ ಕಟ್ಟಬೇಕಿಲ್ಲ. 2017ರಿಂದ ಮಾತೃಪೂರ್ಣದಲ್ಲಿ ಗರ್ಭಿಣಿಯರು, ಬಾಣಂತಿಯರು ಬಿಸಿಯೂಟಕ್ಕೆ ಅಂಗನವಾಡಿಗೆ ಬರಬೇಕೆಂಬ ವ್ಯವಸ್ಥೆ ಇದೆ. ಎಲ್ಲರೂ ಬರುವುದಿಲ್ಲ, ಗೊತ್ತು. ಬಂದವರು ಊಟ ಮಾಡಿ ಕೈ ತೊಳೆದ ಮೇಲಿನ ಕಾಲು ಗಂಟೆ ಸಾಕು. ಕೂಸು ಅಲ್ಲೇ ಇರುತ್ತದೆ, ತಾಯಿ ಅಲ್ಲೇ ಇರುತ್ತಾಳೆ. ಸೀಮಂತ, ಅನ್ನಪ್ರಾಶನದ ಕಾರ್ಯಕ್ರಮಗಳಿಗೆ ಅತ್ತೆಯಂದಿರೂ ಬರುತ್ತಾರೆ.

ಹಾವೇರಿ ಟೀಚರ್

ಸರ್, ಊಟದ ಮ್ಯಾಲಿನ ಕಾಲು ಗಂಟೆ ಆಗತೈತಿ. ಇದನ್ನ ನಾನು ಒಪ್ತೀನಿ. ಆ ಹೊತ್ತಿನ್ಯಾಗ ಸಹಾಯಕಿಗೂ ಬಿಡುವು ಇರತೈತಿ. ಸಹಾಯಕಿಯರನ್ನೂ ತರಬೇತಿಗೆ ಕರೀರಿ, ಅವರನ್ನ ಯಾರೂ ಕರಿಯೂದಿಲ್ಲ. ಕೂಸುಗಳನ್ನ ಹೆಚ್ಚು ಎತ್ತಿ ಆಡಸೂದು ಅವರ.

ಕೂಸಿನ ಮನೆ ಅಕ್ಕ

ನಮ್ಮ ಪಂಚಾಯ್ತಿಯ ಕೂಸಿನ ಮನೆಯಲ್ಲಿ ಕೆಲಸ ಮಾಡ್ತೀನಿ. ಗೊತ್ತಿಲ್ಲದವರಿಗೆ: 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ ಶಿಶುಪಾಲನಾ ಕೇಂದ್ರ ಅಂತ ಘೋಷಣೆ ಆಗಿತ್ತಲ್ಲ, ಅದೇ ಇದು. ತಾಯಂದಿರು ಉದ್ಯೋಗ ಖಾತ್ರಿ ಕೆಲಸಕ್ಕೆ, ಹೊಲಕ್ಕೆ ಹೋದಾಗ ಕೂಸುಗಳನ್ನ ಇಲ್ಲಿ ಬಿಟ್ಟು ಹೋಗ್ತಾರೆ. ನೋಡಿಕೊಳ್ಳೋ ನಾವೂ ಜಾಬ್ ಕಾರ್ಡಿನವರೇ.

ಕಷ್ಟ ಎಲ್ಲಿ ಅಂದರೆ, ಜಾಬ್ ಕಾರ್ಡಿಗೆ ವರ್ಷಕ್ಕೆ ಇಷ್ಟೇ ದಿನ ಅಂತ ಲೆಕ್ಕ, ಅದಕ್ಕೇ ನಮ್ಮನ್ನ ಸರದಿ ಮೇಲೆ ಹಾಕ್ತಾರೆ. ಒಂದು ಕೂಸು ನನ್ನ ಹತ್ತಿರ ಅಳು ಬಿಟ್ಟು, ತುತ್ತು ತಿಂದು, ತೊಡೆ ಮೇಲೆ ಮಲಗೋಕೆ ಶುರು ಮಾಡೋ ಹೊತ್ತಿಗೆ ನನ್ನ ಸರದಿ ಮುಗಿಯುತ್ತೆ. ಮುಂದಿನವಳು ಬರ್ತಾಳೆ, ಕೂಸು ಮತ್ತೆ ಮೊದಲಿಂದ ಅಳೋಕೆ ಶುರು. ಬೆಳಿಗ್ಗೆ ಬಿಟ್ಟು ಹೋಗೋ ಅವ್ವನಿಗೂ ಧೈರ್ಯ ಸಾಲಲ್ಲ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು, ಕಣ್ಣು ಒರೆಸಿಕೊಂಡು ಹೋದವರನ್ನ ನೋಡಿದೀನಿ.

ಮಕ್ಕಳ ಮನಸು

ಅಕ್ಕ, ನೀವು ಹೇಳಿದ್ದು ಇಡೀ ಚರ್ಚೆಯಲ್ಲಿ ಅತ್ಯಂತ ತುರ್ತಿನ ವಿಷಯ. ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕೂಸಿಗೆ ಬೇಕಾಗಿರುವುದೇ ಗುರುತಿನ ಮುಖಗಳು, ಅದೂ ಬೆರಳೆಣಿಕೆಯಷ್ಟು. ಸರದಿಯನ್ನು ಸಂಪೂರ್ಣ ತಪ್ಪಿಸಲು ಪಂಚಾಯ್ತಿಗೆ ಆಗದಿದ್ದರೆ ಮೂರು ದಾರಿ ನೋಡಬಹುದು. ಎಲ್ಲರನ್ನೂ ಒಂದೇ ದಿನ ಬದಲಿಸದೆ ಒಬ್ಬೊಬ್ಬರನ್ನೇ ಬದಲಿಸುವುದು, ಆಗ ಹಳೆಯ ಮುಖ ಯಾವಾಗಲೂ ಒಂದಾದರೂ ಇರುತ್ತದೆ. ಹೊಸಬರು ಬರುವ ಮುಂಚೆ ಕೆಲವು ದಿನ ಹಳಬರ ಜೊತೆ ಸುಮ್ಮನೆ ಕೂತಿರುವುದು. ಪ್ರತಿ ಕೂಸನ್ನೂ ಇಂಥವರದ್ದು ಅಂತ ಗುರುತು ಹಾಕುವುದು, ಊಟ, ನಿದ್ದೆ, ಬಟ್ಟೆ ಬದಲಾವಣೆ ಅವರ ಕೈಯಲ್ಲೇ ಆಗಬೇಕು.

ತಾಯಂದಿರಿಗೂ ಒಂದು ಮಾತು: ಕೂಸಿಗೆ ಕಾಣದಂತೆ ಜಾರಿಕೊಂಡು ಹೋಗಬೇಡಿ. ಹೋಗುತ್ತೇನೆ, ಸಂಜೆ ಬರುತ್ತೇನೆ ಅಂತ ಮುಖ ನೋಡಿ ಹೇಳಿ ಹೋಗಿ. ಕೂಸು ಅಳುತ್ತದೆ, ಅತ್ತರೂ ಪರವಾಗಿಲ್ಲ. ಹೇಳದೆ ಮಾಯವಾದರೆ, ಅವ್ವ ಯಾವಾಗ ಬೇಕಾದರೂ ಮಾಯವಾಗಬಹುದು ಅಂತ ಅದಕ್ಕೆ ದಿನವೆಲ್ಲ ದಿಗಿಲು.

ಚಳ್ಳಕೆರೆ ಚಾಲಕ

ನಾನು ಲಾರಿ ಓಡಿಸ್ತೀನಿ, ಎರಡು ಮಕ್ಕಳ ಅಪ್ಪ. ಇಷ್ಟುದ್ದ ಓದಿದೆ, ಮೊದಲು ಕೇಳಿದವರನ್ನ ಬಿಟ್ಟರೆ ಅಪ್ಪಂದಿರ ಮಾತು ಬಂದಿದ್ದು ನರ್ಸ್ ಮೇಡಂ ಬರೆದದ್ದರಲ್ಲಿ ಮಾತ್ರ. ವಾರಗಟ್ಟಲೆ ರೋಡ್ ಮೇಲೆ ಇರ್ತೀನಿ. ವಾಪಸ್ ಬಂದಾಗ ಸಣ್ಣ ಮಗಳು ನನ್ನ ನೋಡಿ ಚೀರಿ ಅಳ್ತಿದ್ದಳು. ಹೆಂಡತಿ ನಗ್ತಾಳೆ, ನನಗೆ ಒಳಗೊಳಗೇ ನೋವು. ಅವಳು ನನ್ನ ಬೇಡ ಅಂತಿದಾಳೆ ಅಂತಾನೇ ತಿಳ್ಕೊಂಡಿದ್ದೆ. ಮೇಲೆ ಸಮಾಲೋಚಕಿ ಮೇಡಂ ಒಂಬತ್ತು ತಿಂಗಳ ವಿಷಯ ಬರೆದದ್ದು ಓದಿದ ಮೇಲೆ ಗೊತ್ತಾಯ್ತು. ಇದನ್ನ ಯಾರಾದರೂ ಮನೆಗೆ ಬಂದು ನನಗೇ ಹೇಳಿದ್ದಿದ್ದರೆ! ಆಶಾ ಅಕ್ಕ ಬಂದಾಗ ನಾನು ಮನೇಲಿದ್ದರೂ ಎದ್ದು ಹೊರಗೆ ಹೋಗ್ತೀನಿ, ಹೆಂಗಸರ ಮಾತು ಅಂತ. ಅವರೂ "ಇರಿ ಅಣ್ಣ, ನಿಮಗೂ ಹೇಳಬೇಕು" ಅಂದಿಲ್ಲ.

ಮಕ್ಕಳ ಮನಸು

ಅಣ್ಣಾ, ಬಂದ ಕೂಡಲೇ ಎತ್ತಿಕೊಳ್ಳಬೇಡಿ. ಹೆಂಡತಿಯ ಪಕ್ಕ ಕೂತು ಅವರ ಜೊತೆ ಮಾತಾಡುತ್ತಾ ಇರಿ, ಮಗಳು ದೂರದಿಂದ ನೋಡಲಿ, ತಾನಾಗಿ ಹತ್ತಿರ ಬರುತ್ತಾಳೆ. ರೋಡ್ ಮೇಲಿದ್ದಾಗ ದಿನಾ ಒಂದೇ ಹೊತ್ತಿಗೆ ವೀಡಿಯೋ ಕರೆ ಮಾಡಿ, ಅವಳ ಹೆಸರು ಹಿಡಿದು ಕರೆಯಿರಿ.

ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಲ್ಲಿ ಹೆಲ್ತ್ ವಿಸಿಟರ್ (ಎಳೆ ಮಕ್ಕಳ ಮನೆಗೆ ಹೋಗುವ ನರ್ಸ್) ತಂಡದಲ್ಲಿ ಕೆಲಸ ಮಾಡುತ್ತೇನೆ, ಊರು ದಾವಣಗೆರೆ. ಇಲ್ಲಿ ಗರ್ಭಿಣಿಯಾಗಿದ್ದಾಗಿನಿಂದ ಮಗುವಿಗೆ ಎರಡೂವರೆ ವರ್ಷ ಆಗುವವರೆಗೆ ಐದು ಭೇಟಿ ಕಡ್ಡಾಯ. ಆಶಾ ಅಕ್ಕನವರ ಹನ್ನೊಂದು ಭೇಟಿ ಓದಿ ಹೆಮ್ಮೆಯಾಯಿತು. ಇಲ್ಲಿಂದ ತೆಗೆದುಕೊಳ್ಳಬಹುದಾದ್ದು ಒಂದೇ ಅನ್ನಿಸುತ್ತದೆ, ಕಾರ್ಯಕರ್ತೆಯ ಮನಸ್ಸು ಹಗುರ ಮಾಡುವ ವ್ಯವಸ್ಥೆ. ಕಷ್ಟದ ಮನೆಗಳಿಗೆ ಹೋಗಿ ಬಂದವರು ಅನುಭವಸ್ಥರೊಬ್ಬರ ಹತ್ತಿರ ಕೂತು, ಆ ಮನೆಯಲ್ಲಿ ಏನು ಕಂಡೆ, ನನಗೆ ಏನನ್ನಿಸಿತು, ಯಾಕೆ ಆ ತಾಯಿಯ ಮೇಲೆ ಸಿಟ್ಟು ಬಂತು ಅಂತೆಲ್ಲ ಹೇಳಿಕೊಳ್ಳುತ್ತಾರೆ. ತಪಾಸಣೆಗೂ ಇದಕ್ಕೂ ಸಂಬಂಧ ಇಲ್ಲ. ಕೇಳಿಸಿಕೊಂಡವಳು ಇನ್ನೊಬ್ಬರ ಮಾತು ಕೇಳಿಸಿಕೊಳ್ಳಬಲ್ಲಳು. ಇದಿಲ್ಲದೆ ಎಂಥಾ ತರಬೇತಿಯಾದರೂ ಆರು ತಿಂಗಳಲ್ಲಿ ಬತ್ತಿಹೋಗುವುದನ್ನು ಇಲ್ಲೂ ನೋಡಿದ್ದೇನೆ.

ಸಿಂಧನೂರು ತರಬೇತಿ

ಇದನ್ನೇ ಮೇಲ್ವಿಚಾರಕಿ ನಡೆಸುವ ತಿಂಗಳ ವೃತ್ತ ಸಭೆಯಲ್ಲಿ ಒಂದು ಗಂಟೆ ಇಟ್ಟುಕೊಂಡರೆ ಹೇಗೆ ಅಂತ ಯೋಚಿಸುತ್ತಿದ್ದೆ. ಒಬ್ಬೊಬ್ಬರು ಒಂದೊಂದು ಮನೆಯ ಕಥೆ ಹೇಳುವುದು, ಮೇಲ್ವಿಚಾರಕಿ ಕೇಳಿಸಿಕೊಳ್ಳುವುದು.

ಹಾವೇರಿ ಟೀಚರ್

ವೃತ್ತ ಸಭೆ ಬ್ಯಾಡ್ರಿ ಅಕ್ಕಾರ. ಅಲ್ಲಿ ಮೇಡಂ ಅವರು ರಿಜಿಸ್ಟರ್ ನೋಡ್ತಾರ, ಯಾರ ಕೆಲಸ ಬಾಕಿ ಐತಿ ಅಂತ ಕೇಳ್ತಾರ. ಅವರ ತಪ್ಪಲ್ಲ, ಅವರಿಗೂ ಇಪ್ಪತ್ತೈದರ ಹತ್ರ ಕೇಂದ್ರ, ಮ್ಯಾಲಿಂದ ಒತ್ತಡ. ಆದ್ರ ನನಗ ನೋಟಿಸ್ ಕೊಡೂ ಅಧಿಕಾರ ಇರೂ ಮನಷ್ಯಾರ ಮುಂದ "ನನಗ ಆ ಮನಿಗೆ ಹೋಗಾಕ ಅಂಜಿಕಿ ಬರತೈತಿ, ಅವನು ಕುಡಿದು ಹೆಂಡತಿನ ಹೊಡಿತಾನ, ಕೂಸು ಮೂಲ್ಯಾಗ ಕುಂತಿರತೈತಿ" ಅಂತ ಹೆಂಗ ಹೇಳ್ಲಿ? ಹೇಳಿದ್ರ "ಹಂಗಾರ ಭೇಟಿ ಆಗಿಲ್ಲೇನು" ಅಂತ ಬರತೈತಿ.

ಅಕ್ಕಪಕ್ಕದ ಐದಾರು ಊರಿನ ಟೀಚರು, ಆಶಾಗಳು ಒಂದು ಕಡೆ ಸೇರೂ ಹಂಗ ಮಾಡ್ರಿ. ನಿಮ್ಮ ಸಂಸ್ಥೆಯವರು ಒಬ್ಬರು ಕೇಳಾಕ ಇರ್ಲಿ, ಬರಕೊಳ್ಳೂದು ಬ್ಯಾಡ. ಫೋಟೋ ತಗದು ಗ್ರೂಪಿಗೆ ಹಾಕೂದೂ ಬ್ಯಾಡ. ಮ್ಯಾಲಿನವರಿಂದ ಅದಕ್ಕ ಒಪ್ಪಿಗಿ ಪತ್ರ ಒಂದು ತಗೋರಿ, ಇಲ್ಲಂದ್ರ ಆ ದಿನ ನಮಗ ಗೈರು ಅಂತ ಬೀಳತೈತಿ.

ನಿವೃತ್ತ ಸಿಡಿಪಿಓ

ಟೀಚರ್ ಹೇಳಿದ್ದು ನೂರಕ್ಕೆ ನೂರು. ಪತ್ರವನ್ನು ತಾಲ್ಲೂಕು ಮಟ್ಟದಲ್ಲಿ ಅಲ್ಲ, ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಕಚೇರಿಯಿಂದ ಮಾಡಿಸಿ. ಆಶಾಗಳಿಗೆ ಆರೋಗ್ಯ ಇಲಾಖೆಯದ್ದು ಬೇರೆ ಬೇಕು, ತಾಲ್ಲೂಕು ಆರೋಗ್ಯಾಧಿಕಾರಿಯವರ ಸಹಿ. ಎರಡೂ ಇಲಾಖೆ ಒಂದೇ ಪತ್ರಕ್ಕೆ ಸಹಿ ಮಾಡುವವರೆಗೆ ಕಾದರೆ ಮಕ್ಕಳು ಶಾಲೆಗೆ ಹೋಗುತ್ತವೆ, ಬೇರೆ ಬೇರೆಯಾಗಿಯೇ ತೆಗೆದುಕೊಳ್ಳಿ.

ಸಿಂಧನೂರು ತರಬೇತಿ

ಪತ್ರ ಸೋಮವಾರವೇ ಬರೆಯುತ್ತೇನೆ ಸರ್. ಇಷ್ಟು ಮಾತ್ರ ಈಗ ನಿರ್ಧಾರ ಮಾಡಿದ್ದೇನೆ: ಮೂರು ದಿನ ಸತತ ಬೇಡ. ಒಂದು ದಿನ ಕೂತು ಕಲಿಯುವುದು, ಎರಡು ವಾರ ಊರಲ್ಲಿ ಮಾಡಿ ನೋಡುವುದು, ಮತ್ತೆ ಒಂದು ದಿನ, ಹೀಗೆ. ಪ್ರತಿ ದಿನವೂ ಐದಾರು ತಾಯಂದಿರು ಕೂಸು ಎತ್ತಿಕೊಂಡು ಬರಬೇಕು, ಅವರಿಗೆ ಊಟ, ಆ ದಿನದ ಕೂಲಿ ನಮ್ಮ ಸಂಸ್ಥೆಯಿಂದ. ಮೊದಲ ದಿನ ಕಾರ್ಯಕರ್ತೆಯರಿಗೆ ಒಂದೇ ಕೆಲಸ, ಕೂಸು ಮತ್ತು ಅವ್ವನನ್ನು ಹತ್ತು ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನು ಮಾತ್ರ ಹೇಳುವುದು. ಸಲಹೆ ಕೊಡುವ ಹಾಗಿಲ್ಲ. ಮೊದಲ ದಿನ ಗುರುವಾರ ಇಡೋಣ ಅಂತಿದ್ದೇನೆ, ಆವತ್ತು ಪಂಚಾಯ್ತಿ ಸಭಾಭವನ ಖಾಲಿ ಇದೆ.

ಕೊಳ್ಳೇಗಾಲ ಆಶಾ

ಗುರುವಾರ ಬೇಡ ಅಕ್ಕ, ಲಸಿಕೆ ದಿನ, ಒಬ್ಬ ಆಶಾನೂ ಬರೋಕಾಗಲ್ಲ. ನಿಮ್ಮ ಕಡೆನೂ ಅದೇ ದಿನ ಇರುತ್ತೆ, ಪಿಎಚ್‌ಸಿಲಿ ಒಂದು ಸಲ ಕೇಳಿ ನೋಡಿ. ಬುಧವಾರ ಇಡಿ. ಮತ್ತೆ ಸಭಾಭವನದಲ್ಲಿ ಕುರ್ಚಿ ಹಾಕಿಸಬೇಡಿ, ಜಮಖಾನೆ ಹಾಸಿ. ಕೂಸು ನೆಲದ ಮೇಲೆ ಇದ್ರೆ ನಾವೂ ನೆಲದ ಮೇಲೇ ಇರಬೇಕಲ್ಲ.